ಗುಲ್ಮಾರ್ಗ್ ಹಿಮದ ಸುದ್ದಿಯಲ್ಲಿ ಎತ್ತರ, ಗಾಳಿ, ಅಪಾಯದ ಮಟ್ಟವನ್ನೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಚಳಿಗಾಲ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಒಂದು ಫೋಟೊ ಬಂದೇ ಬರುತ್ತದೆ. ಬಿಳಿ ಬೆಟ್ಟ, ಕೆಂಪು ಜಾಕೆಟ್ ಹಾಕಿದ ನಾಲ್ಕು ಜನ, ಕೆಳಗೆ ಎರಡು ಸಾಲು: ಭಾರೀ ಹಿಮಪಾತ, ಪ್ರವಾಸಿಗರ ಸಂಭ್ರಮ. ಫೋಟೊ ಚೆನ್ನಾಗಿಯೇ ಇರುತ್ತದೆ. ಆದರೆ ಆ ಹಿಮ ಯಾವ ಎತ್ತರದಲ್ಲಿ ಬಿತ್ತು, ಎಷ್ಟು ಬಿತ್ತು, ಯಾವಾಗ ಅಳೆದರು, ಮೇಲೆ ಗಾಳಿ ಹೇಗಿದೆ, ಹಿಮಕುಸಿತದ ಅಪಾಯ ಎಷ್ಟಿದೆ, ಇದ್ಯಾವುದೂ ಇರುವುದಿಲ್ಲ. ಈಗ ಸ್ಕೀಯಿಂಗ್ (ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವುದು) ಕಲಿಯಲು, ಗೊಂಡೊಲಾ ಎಂಬ ರೋಪ್‌ವೇಯಲ್ಲಿ ಮೇಲೆ ಹೋಗಿ ಹಿಮ ನೋಡಲು ಹೋಗುವ ಕನ್ನಡದವರು ಕಡಿಮೆ ಇಲ್ಲ. ಈ ಎರಡು ಸಾಲು ನೋಡಿಯೇ ಟಿಕೆಟ್ ಬುಕ್ ಮಾಡುವವರನ್ನು ನಾನು ಬಲ್ಲೆ. ಅವರಿಗಾಗಿ ಈ ಪತ್ರ.

ಮೊದಲು ಎತ್ತರದ ವಿಷಯ. ಶ್ರೀನಗರ ಇರುವುದು ಸುಮಾರು 1,585 ಮೀಟರ್ ಎತ್ತರದಲ್ಲಿ. ಗುಲ್ಮಾರ್ಗ್‌ನ ಹುಲ್ಲುಗಾವಲು ಸುಮಾರು 2,650 ಮೀಟರ್. ಗೊಂಡೊಲಾದ ಮೊದಲ ಹಂತ ಕೊಂಗ್‌ಡೋರಿಗೆ ಬಿಡುತ್ತದೆ, ಅದು 3,000 ಮೀಟರ್‌ಗಿಂತ ಸ್ವಲ್ಪ ಮೇಲೆ. ಎರಡನೇ ಹಂತ ಅಫರ್ವಾಟ್ ಬೆಟ್ಟದ ಹೆಗಲಿಗೆ, ಹತ್ತಿರ ಹತ್ತಿರ 3,950 ಮೀಟರ್‌ಗೆ ಒಯ್ಯುತ್ತದೆ. ಗಾಳಿಯ ಉಷ್ಣಾಂಶ ಸರಾಸರಿ ಲೆಕ್ಕದಲ್ಲಿ ಸಾವಿರ ಮೀಟರ್‌ಗೆ ಆರೂವರೆ ಡಿಗ್ರಿ ಇಳಿಯುತ್ತದೆ. ಅಂದರೆ ಕೆಳಗೆ ಟಿಕೆಟ್ ಕೌಂಟರ್ ಹತ್ತಿರ ಪ್ಲಸ್ 2 ಇದ್ದರೆ ಮೇಲೆ ಮೈನಸ್ 6ರ ಆಸುಪಾಸು. ಒಂದೇ ಮೋಡ, ಒಂದೇ ಮಧ್ಯಾಹ್ನ. ಗುಲ್ಮಾರ್ಗ್‌ಗಿಂತ ಕೆಳಗಿನ ಊರು ತಂಗ್‌ಮಾರ್ಗ್‌ನಲ್ಲಿ ಮಳೆ, ಗುಲ್ಮಾರ್ಗ್‌ನಲ್ಲಿ ನೀರು ತುಂಬಿದ ಭಾರದ ಹಿಮ, ಅಫರ್ವಾಟ್‌ನಲ್ಲಿ ಒಣಗಿದ ಪುಡಿ ಹಿಮ. ಮೂರೂ ಕಡೆಯ ಸುದ್ದಿ ನಿಮ್ಮಲ್ಲಿ 'ಗುಲ್ಮಾರ್ಗ್‌ನಲ್ಲಿ ಹಿಮಪಾತ' ಎಂದೇ ಅಚ್ಚಾಗುತ್ತದೆ.

ಅದಕ್ಕೇ ಮುನ್ಸೂಚನೆ ನೋಡುವವರು ಮೊದಲು ಹುಡುಕುವುದು ಸೊನ್ನೆ ಡಿಗ್ರಿ ಯಾವ ಎತ್ತರದಲ್ಲಿದೆ ಎಂಬುದನ್ನು. ಅದು 2,900 ಮೀಟರ್ ಎಂದಿದ್ದರೆ, ಹಿಮ ಅದಕ್ಕಿಂತ ಇನ್ನೂರು ಮುನ್ನೂರು ಮೀಟರ್ ಕೆಳಗಿನವರೆಗೂ ಕರಗದೆ ಇಳಿಯಬಹುದು, ಗುಲ್ಮಾರ್ಗ್ ಬಯಲು ಆ ಗೆರೆಯ ಮೇಲೆಯೇ ಕೂತಿರುತ್ತದೆ. ಅರ್ಧ ಡಿಗ್ರಿ ಆಚೀಚೆ ಆದರೆ ಮಳೆ. ಮಾರ್ಚ್‌ನಲ್ಲಿ ಹೀಗೆ ಆಗುವುದು ಜಾಸ್ತಿ. ಆಗ ಕೆಳಗಿನ ಕಲಿಕೆಯ ಇಳಿಜಾರಿನಲ್ಲಿ ಕೆಸರು, ಮೇಲೆ ಸೊಂಟದವರೆಗೆ ಹೊಸ ಹಿಮ ಇರಬಹುದು. ಹೊಸದಾಗಿ ಕಲಿಯುವವರಿಗೆ ಮೇಲಿನ ಹಿಮದಿಂದ ಏನೂ ಉಪಯೋಗವಿಲ್ಲ, ಅವರಿಗೆ ಬೇಕಾದದ್ದು ಕೆಳಗಿನದ್ದು. ಯಾವ ಹಿಮದ ಸುದ್ದಿ ಯಾರಿಗೆ ಎಂಬುದೇ ಬೇರೆ ಬೇರೆ ಅಲ್ವಾ?

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಬಿಡಿಸಿ ಹೇಳಲೇಬೇಕು. 'ಶ್ರೀನಗರದಲ್ಲಿ ಮೈನಸ್ 5, ದಾಲ್ ಸರೋವರದ ಅಂಚು ಹೆಪ್ಪುಗಟ್ಟಿದೆ' ಎಂದು ಓದಿದವರು, ಇಷ್ಟು ಚಳಿ ಇದ್ದರೆ ಹಿಮ ಭರ್ಜರಿ ಬಿದ್ದಿರಬೇಕು ಎಂದುಕೊಳ್ಳುತ್ತಾರೆ. ಬಹಳ ಸಲ ಆಗಿರುವುದು ಇದಕ್ಕೆ ಉಲ್ಟಾ. ಆಕಾಶ ತೆರೆದಿದ್ದಾಗ ನೆಲದ ಶಾಖ ರಾತ್ರಿಯಿಡೀ ಮೇಲೆ ಹೋಗಿಬಿಡುತ್ತದೆ, ತಣ್ಣನೆಯ ಗಾಳಿ ಕಣಿವೆಯ ತಳದಲ್ಲಿ ಬಂದು ನಿಲ್ಲುತ್ತದೆ. ಮೋಡ ಬಂದರೆ ರಾತ್ರಿ ಅಷ್ಟು ತಣ್ಣಗಾಗುವುದಿಲ್ಲ, ಆದರೆ ಹಿಮ ಬೀಳುವುದು ಮೋಡ ಬಂದಾಗಲೇ. 2024ರ ಡಿಸೆಂಬರ್ 21ರಂದು ಶ್ರೀನಗರದಲ್ಲಿ ಮೈನಸ್ 8.5 ದಾಖಲಾಯಿತು, ಐದು ದಶಕಗಳಲ್ಲೇ ಡಿಸೆಂಬರ್‌ನ ಅತಿ ಚಳಿಯ ರಾತ್ರಿ ಎಂದು ಎಲ್ಲ ಕಡೆ ಸುದ್ದಿ. ಅದು ಒಣ ಹವೆಯ ಚಳಿ. ಶ್ರೀನಗರಕ್ಕೆ ಆ ಸೀಸನ್‌ನ ಮೊದಲ ಹಿಮ ಬಂದದ್ದು ಸುಮಾರು ಒಂದು ವಾರದ ನಂತರ, ಮೋಡ ಕವಿದು ರಾತ್ರಿಯ ಉಷ್ಣಾಂಶ ಮೇಲೇರಿದ ಮೇಲೆ. ಹಾಗಾಗಿ ಕನಿಷ್ಠ ಉಷ್ಣಾಂಶ ನೋಡಿ ಹಿಮದ ಲೆಕ್ಕ ಹಾಕುವುದು ಬೇಡ.

ಕಾಶ್ಮೀರದವರು ಚಳಿಗಾಲವನ್ನು ಮೂರು ಪಾಲು ಮಾಡಿದ್ದಾರೆ. ಡಿಸೆಂಬರ್ 21ರಿಂದ ನಲವತ್ತು ದಿನ ಚಿಲ್ಲಾಯಿ ಕಲಾನ್, ಆಮೇಲೆ ಇಪ್ಪತ್ತು ದಿನ ಚಿಲ್ಲಾಯಿ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲಾಯಿ ಬಚ್ಚಾ. ಮೊದಲ ನಲವತ್ತು ದಿನದಲ್ಲಿ ಬಿದ್ದ ಹಿಮ ಚಳಿಗೆ ಗಟ್ಟಿಯಾಗಿ ತಳ ಹಾಕುತ್ತದೆ, ಬೇಸಿಗೆಯವರೆಗೆ ಬೆಟ್ಟದಲ್ಲಿ ನೀರು ಉಳಿಯುವುದೂ ಅದರಿಂದಲೇ. ಫೆಬ್ರುವರಿ ಕೊನೆಯಲ್ಲಿ ಎಷ್ಟೇ ಬಿದ್ದರೂ ಬಿಸಿಲಿಗೆ ಬೇಗ ಹೋಗುತ್ತದೆ. ಈಗೀಗ ಕೈಕೊಡುತ್ತಿರುವುದು ಆ ಮೊದಲ ನಲವತ್ತು ದಿನವೇ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಬಯಲು ಕಂದು ಹುಲ್ಲಾಗಿ ಬಿದ್ದಿತ್ತು, ಹಿಮ ಬಂದದ್ದು ತಿಂಗಳ ಕೊನೆಯಲ್ಲಿ. 2025ರ ಫೆಬ್ರುವರಿಯಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಗುಲ್ಮಾರ್ಗ್ ಭಾಗವನ್ನು ಹಿಮ ಸಾಲದು ಎಂದು ಮುಂದೂಡಬೇಕಾಯಿತು, ಕೊನೆಗೆ ಮಾರ್ಚ್‌ನಲ್ಲಿ ನಡೆಯಿತು. ಒಂದು ರಾಷ್ಟ್ರೀಯ ಕೂಟಕ್ಕೇ ದಿನಾಂಕ ಹೊಂದಿಸಲು ಆಗದಿದ್ದಾಗ, ಮೂರು ತಿಂಗಳ ಮೊದಲೇ 'ಫುಲ್ ಸ್ನೋ ಗ್ಯಾರಂಟಿ' ಎಂದು ಹೇಳುವ ಟೂರ್ ಏಜೆಂಟರ ಮಾತನ್ನು ಜನ ನಂಬುವುದು ಹೇಗೆ? ನಂಬುತ್ತಾರೆ, ಯಾಕೆಂದರೆ ಎದುರಿಗೆ ಬೇರೆ ಮಾಹಿತಿ ಇಲ್ಲ. ನಮ್ಮ ಪರಿಚಯದ ಒಂದು ಕುಟುಂಬಕ್ಕೆ ಏಜೆಂಟರೊಬ್ಬರು ಹೊರಡುವ ಹಿಂದಿನ ದಿನ ಕಳಿಸಿದ 'ಇವತ್ತಿನ ಫೋಟೊ' ಹಿಂದಿನ ಸೀಸನ್‌ನದ್ದಾಗಿತ್ತು. ಮಕ್ಕಳು ಗುಡ್ಡದ ಮೇಲಿನ ತೇಪೆ ತೇಪೆ ಹಿಮ ನೋಡಿಕೊಂಡು ವಾಪಸ್ ಬಂದರು. ಪತ್ರಿಕೆಗಳಾದರೂ ಫೋಟೊದ ಕೆಳಗೆ ತೆಗೆದ ದಿನಾಂಕ ಹಾಕಿದರೆ ಎಷ್ಟೋ ಉಪಕಾರ.

ಹಿಮ ತರುವುದು ಯಾವುದು ಎಂಬುದನ್ನೂ ಸ್ವಲ್ಪ ವಿವರವಾಗಿ ಬರೆಯಬಹುದು. ಮೆಡಿಟರೇನಿಯನ್, ಕ್ಯಾಸ್ಪಿಯನ್ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಗಾಳಿಯ ಸುಳಿಗಳಿವೆ, ಹವಾಮಾನ ಇಲಾಖೆ ಅವನ್ನು ಪಶ್ಚಿಮದ ಅಡಚಣೆ ಎನ್ನುತ್ತದೆ. ಅವು ಪೀರ್ ಪಂಜಾಲ್ ಸಾಲಿಗೆ ಬಂದು ತಾಗಿ ಮೇಲೇರಿ ತಣ್ಣಗಾದಾಗ ಹಿಮ. ಗುಲ್ಮಾರ್ಗ್ ಇರುವುದು ಆ ಸಾಲಿನ ಮಡಿಲಲ್ಲೇ, ಅದಕ್ಕೇ ಅಲ್ಲಿ ಅಷ್ಟು ಬೀಳುತ್ತದೆ. ಇಂಥ ಸುಳಿ ಬರುತ್ತಿದೆ ಎಂಬುದು ಐದಾರು ದಿನ ಮೊದಲೇ ಗೊತ್ತಾಗುತ್ತದೆ. ಆದರೆ ಅದು ಎಷ್ಟು ಬಲವಾಗಿ ಬರುತ್ತದೆ, ಎಷ್ಟು ಹೊತ್ತಿಗೆ, ಸ್ವಲ್ಪ ಉತ್ತರಕ್ಕೆ ಸರಿದು ಹೋಗುತ್ತದೆಯೇ ಎಂಬುದು ನಂಬುವ ಹಾಗೆ ಸಿಗುವುದು ಎರಡು ಮೂರು ದಿನ ಮೊದಲು ಮಾತ್ರ. ಮೊಬೈಲ್ ಆ್ಯಪ್‌ಗಳು ಹದಿನಾಲ್ಕನೇ ದಿನಕ್ಕೂ ಒಂದು ಹಿಮದ ಚಿತ್ರ ಅಂಟಿಸಿ, '12 ಸೆಂ.ಮೀ.' ಎಂದು ಬರೆದಿರುತ್ತವೆ. ಆ ಅಂಕಿಗೆ ಬೆಲೆಯಿಲ್ಲ, ಸುಮ್ನೆ ನೋಡಿ ಖುಷಿಪಡಬಹುದು ಅಷ್ಟೇ.

ಆ್ಯಪ್‌ಗಳ ಇನ್ನೊಂದು ಕಷ್ಟ: ಅವು ಬಳಸುವ ಜಾಗತಿಕ ಲೆಕ್ಕಾಚಾರದಲ್ಲಿ ಭೂಮಿಯನ್ನು ಚೌಕ ಚೌಕ ಮಾಡಿರುತ್ತಾರೆ, ಒಂದೊಂದು ಚೌಕ ಒಂಬತ್ತರಿಂದ ಹದಿಮೂರು ಕಿಲೋಮೀಟರ್ ಅಗಲ. ನಮ್ಮ ಹವಾಮಾನ ಇಲಾಖೆ 2025ರ ಮೇನಲ್ಲಿ ಶುರು ಮಾಡಿದ ಭಾರತ್ ಮುನ್ಸೂಚನಾ ವ್ಯವಸ್ಥೆಯಲ್ಲಿ ಅದು ಆರು ಕಿಲೋಮೀಟರ್‌ಗೆ ಇಳಿದಿದೆ, ಒಳ್ಳೆಯ ಕೆಲಸ. ಆದರೂ ಗುಲ್ಮಾರ್ಗ್‌ನ ಬಯಲಿನಿಂದ ಅಫರ್ವಾಟ್‌ನ ನೆತ್ತಿಗೆ ನೇರ ಗೆರೆಯಲ್ಲಿ ಅಷ್ಟು ದೂರವೂ ಇಲ್ಲ. ಆ ಚೌಕದೊಳಗೆ ಬೆಟ್ಟವೂ ಬಯಲೂ ಒಂದಾಗಿ, ಬೆಟ್ಟ ಗಿಡ್ಡವಾಗಿಬಿಡುತ್ತದೆ. 'ಗುಲ್ಮಾರ್ಗ್ ಮೈನಸ್ 3' ಎಂದು ತೋರಿಸಿದರೆ ಅದು ಯಾವ ಎತ್ತರದ ಮೈನಸ್ 3 ಎಂದು ಕೇಳಬೇಕು.

ಇನ್ನು ಅಳತೆ. ಮುನ್ಸೂಚನೆ ಮಿಲಿಮೀಟರ್‌ನಲ್ಲಿ ಬರುತ್ತದೆ, ಸುದ್ದಿ ಇಂಚಿನಲ್ಲಿ ಬರುತ್ತದೆ, ಓದುವವರು ಅಡಿಗಳಲ್ಲಿ ಯೋಚಿಸುತ್ತಾರೆ. ಸಾಮಾನ್ಯ ಲೆಕ್ಕ ಒಂದು ಮಿಲಿಮೀಟರ್ ನೀರಿಗೆ ಒಂದು ಸೆಂಟಿಮೀಟರ್ ಹಿಮ. ಆದರೆ ಗಾಳಿ ತುಂಬ ತಣ್ಣಗಿದ್ದು ಹಿಮ ಹಗುರವಾಗಿ ಬಿದ್ದರೆ ಅದೇ ಒಂದು ಮಿಲಿಮೀಟರ್ ಒಂದೂವರೆ ಎರಡು ಸೆಂಟಿಮೀಟರ್ ಆಗುತ್ತದೆ, ಸೊನ್ನೆಯ ಹತ್ತಿರ ಒದ್ದೆಯಾಗಿ ಬಿದ್ದರೆ ಅರ್ಧವೇ. ಹೊಸ ಹಿಮ ಅಳೆಯಲು ಬಿಳಿ ಬಣ್ಣ ಬಳಿದ ಒಂದು ಹಲಗೆ ಇಡುತ್ತಾರೆ. ಅದರ ಮೇಲೆ ಬಿದ್ದದ್ದನ್ನು ಅಳತೆ ಪಟ್ಟಿ ಊರಿ ನೋಡಿ, ಬರೆದುಕೊಂಡು, ಹಲಗೆ ಗುಡಿಸಿ, ಹೊಸ ಹಿಮದ ಮಟ್ಟಕ್ಕೆ ಮತ್ತೆ ಇಡಬೇಕು. ಗುಡಿಸದೆ ಬಿಟ್ಟರೆ ನಿನ್ನೆಯದೂ ಇವತ್ತಿನ ಲೆಕ್ಕಕ್ಕೆ ಸೇರುತ್ತದೆ. ಗಾಳಿ ಹೊಡೆಯುವ ಜಾಗದಲ್ಲಿಟ್ಟರೆ ಹಲಗೆ ಖಾಲಿ, ಗೋಡೆಯ ಮರೆಯಲ್ಲಿಟ್ಟರೆ ರಾಶಿ. ಇವತ್ತು 30 ಸೆಂಟಿಮೀಟರ್ ಬಿದ್ದದ್ದು ತನ್ನ ಭಾರಕ್ಕೇ ಕುಗ್ಗಿ ಎರಡು ದಿನದಲ್ಲಿ 20 ಆಗಬಹುದು. ಹಾಗಾಗಿ ದಿನದಿನದ ಅಂಕಿ ಕೂಡಿಸಿ 'ಆರು ಅಡಿ ಹಿಮ' ಎಂದು ಬರೆಯುವುದು ಸರಿಯಲ್ಲ. ಈಗ ನೆಲದ ಮೇಲೆ ಎಷ್ಟಿದೆ ಎಂಬುದು ಬೇರೆ ಅಂಕಿ, ಕಳೆದ 24 ಗಂಟೆಯಲ್ಲಿ ಎಷ್ಟು ಬಿತ್ತು ಎಂಬುದು ಬೇರೆ ಅಂಕಿ, ಎರಡೂ ಬೇಕು.

ಅಳೆಯುವವರು ಯಾರು ಎಂಬುದೂ ಮುಖ್ಯ. ಅಮೆರಿಕದ ಡಾರ್ಟ್ಮತ್ ಕಾಲೇಜಿನ ಇಬ್ಬರು ಅರ್ಥಶಾಸ್ತ್ರಜ್ಞರು ಸ್ಕೀ ರೆಸಾರ್ಟ್‌ಗಳು ತಾವೇ ಹೇಳಿಕೊಳ್ಳುವ ಹೊಸ ಹಿಮದ ಅಂಕಿಗಳನ್ನು ಹತ್ತಿರದ ಸರ್ಕಾರಿ ಹವಾಮಾನ ಕೇಂದ್ರಗಳ ಅಂಕಿಗಳ ಜೊತೆ ಹೋಲಿಸಿ ನೋಡಿದ್ದರು. ರೆಸಾರ್ಟ್‌ಗಳ ಪ್ರಕಾರ ಹಿಮ ವಾರಾಂತ್ಯದಲ್ಲಿ ಎದ್ದು ಕಾಣುವಷ್ಟು ಜಾಸ್ತಿ ಬೀಳುತ್ತಿತ್ತು. ಆಕಾಶಕ್ಕೆ ಶನಿವಾರ ಯಾವುದು, ಮಂಗಳವಾರ ಯಾವುದು ಎಂದು ಗೊತ್ತಿಲ್ಲವಲ್ಲ. ಆಮೇಲೆ ಸ್ಕೀ ಮಾಡುವವರೇ ಬೆಟ್ಟದಿಂದ ಮೊಬೈಲ್‌ನಲ್ಲಿ ನಿಜವಾದ ಸ್ಥಿತಿ ಬರೆಯಲು ಶುರು ಮಾಡಿದಾಗ, ನೆಟ್‌ವರ್ಕ್ ಸಿಗುವ ರೆಸಾರ್ಟ್‌ಗಳಲ್ಲಿ ಈ ಉತ್ಪ್ರೇಕ್ಷೆ ಇಳಿಯಿತು. ವ್ಯಾಪಾರ ಮಾಡುವವರ ಅಂಕಿಯ ಪಕ್ಕದಲ್ಲಿ ಬೇರೆಯವರ ಅಂಕಿಯೂ ಇರಬೇಕು ಎಂದು ನಾನು ಹೇಳುತ್ತಿರುವುದು ಇದಕ್ಕೇ. ಆ ಕೆಲಸ ಪತ್ರಿಕೆ ಮಾಡಬಹುದು.

ಹಿಮ ಇದೆ ಎಂದಷ್ಟೇ ತಿಳಿದರೆ ಸಾಲದು, ಹೇಗಿದೆ ಎಂಬುದೂ ಬೇಕು. ಫೆಬ್ರುವರಿ ಕೊನೆಯ ಒಂದು ಬಿಸಿಲಿನ ದಿನ ತೆಗೆದುಕೊಳ್ಳಿ. ಬೆಳಗ್ಗೆ ಒಂಬತ್ತಕ್ಕೆ ಇಳಿಜಾರು ಕಲ್ಲಿನಂತೆ ಗಟ್ಟಿ, ಸ್ಕೀಯ ಅಂಚು ಕರಕರ ಎನ್ನುತ್ತದೆ, ಬಿದ್ದರೆ ಮೊಣಕೈ ತರಚುತ್ತದೆ. ಹನ್ನೊಂದಕ್ಕೆ ಮೇಲಿನ ಒಂದು ಬೆರಳಿನಷ್ಟು ಪದರ ಸಡಿಲವಾಗಿ ಕಾಳು ಕಾಳಾಗುತ್ತದೆ, ಆಗ ಸ್ಕೀ ತಾನಾಗಿ ತಿರುಗುತ್ತದೆ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎರಡು ಗಂಟೆಗೆ ಕಾಲು ಹೂತು ಸ್ಕೀ ಸಿಕ್ಕಿಹಾಕಿಕೊಳ್ಳುತ್ತದೆ, ಮಂಡಿ ತಿರುಚುವುದು ಆಗಲೇ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಇದೇ ದಿನ ಸಂಜೆಯವರೆಗೂ ಪುಡಿ ಹಿಮ ಉಳಿದಿರುತ್ತದೆ. ಮುನ್ಸೂಚನೆಯಲ್ಲಿ ರಾತ್ರಿಯ ಉಷ್ಣಾಂಶ, ಮೋಡ, ಬಿಸಿಲು ನೋಡಿದರೆ ಇಷ್ಟನ್ನು ಮೊದಲೇ ಊಹಿಸಬಹುದು. ಕ್ಲಾಸ್ ಎಷ್ಟು ಗಂಟೆಗೆ ಇಟ್ಟುಕೊಳ್ಳಬೇಕು ಎಂಬುದು ಅದರಿಂದಲೇ ತೀರ್ಮಾನವಾಗಬೇಕು.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಗಾಳಿ ಮತ್ತು ಹಿಮಕುಸಿತ.

ಹಿಮ ಬೀಳುವ ದಿನ ಗಾಳಿ ಜೋರಿದ್ದರೆ ಗೊಂಡೊಲಾದ ಎರಡನೇ ಹಂತ ನಿಲ್ಲುತ್ತದೆ. ಜನ ಸಿಟ್ಟಾಗುತ್ತಾರೆ, ದುಡ್ಡು ಕೊಟ್ಟಿದ್ದೇವಲ್ಲ ಎಂದು. ಆದರೆ ಆ ಗಾಳಿ ಮೇಲೆ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಬೆಟ್ಟದ ಏಣಿನ ಒಂದು ಬದಿಯ ಹಿಮವನ್ನು ಎತ್ತಿ ಇನ್ನೊಂದು ಬದಿಯಲ್ಲಿ ಹೇರುತ್ತದೆ. ಹಾಗೆ ಹೇರಿದ ಹಿಮ ಒಂದು ಗಟ್ಟಿ ಹಾಳೆಯಾಗಿ, ಕೆಳಗಿನ ಸಡಿಲ ಪದರದ ಮೇಲೆ ಕೂತಿರುತ್ತದೆ. ಅಂಥ ಜಾಗದಲ್ಲಿ ಕಾಲಿಟ್ಟರೆ ಒಳಗಿನಿಂದ ಢಬ್ ಎಂದು ಟೊಳ್ಳು ಸದ್ದು ಬರುತ್ತದೆ, ಸ್ಕೀಯ ತುದಿಯಿಂದ ಒಂದು ಬಿರುಕು ಮುಂದೆ ಓಡುವುದು ಕಣ್ಣಿಗೇ ಕಾಣುತ್ತದೆ. ಆ ಸದ್ದು ಕೇಳಿದ ಮೇಲೆ ಮುಂದಕ್ಕೆ ಹೋಗಬಾರದು, ಬಂದ ದಾರಿಯಲ್ಲೇ ಹಿಂದಕ್ಕೆ. ಇಂಥ ಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಚೆನ್ನಾಗಿ ಸ್ಕೀ ಮಾಡುವವರಿಗೆ ಇಷ್ಟವಾಗುವುದೂ ಅದೇ ಇಳಿಜಾರು. ಸ್ಕೀ ಮಾಡುವವರು ಸಿಕ್ಕಿಕೊಳ್ಳುವ ಕುಸಿತಗಳಲ್ಲಿ ಹೆಚ್ಚಿನವನ್ನು ಶುರು ಮಾಡುವುದು ಅವರದೇ ಅಥವಾ ಅವರ ಜೊತೆಯವರದೇ ಭಾರ. ಹೂತವರನ್ನು ಹೊರತೆಗೆಯಲು ಸಿಗುವುದು ಹತ್ತು ಹದಿನೈದು ನಿಮಿಷ, ಆಮೇಲೆ ಬದುಕುವ ಅವಕಾಶ ಸರಸರನೆ ಇಳಿಯುತ್ತದೆ. ಯಾವ ಹೆಲಿಕಾಪ್ಟರೂ ಅಷ್ಟರಲ್ಲಿ ಬರುವುದಿಲ್ಲ.

ಹಿಮ ನಿಂತು ಆಕಾಶ ನೀಲಿಯಾದ ಮೊದಲ ದಿನ ಎಲ್ಲರೂ ಮೇಲೆ ಓಡುತ್ತಾರೆ. ಫೋಟೊಕ್ಕೂ ಅದೇ ಒಳ್ಳೆಯ ದಿನ, ನಿಮ್ಮಲ್ಲಿ 'ಸಂಭ್ರಮ' ಎಂದು ಅಚ್ಚಾಗುವುದೂ ಅದೇ ದಿನದ ಚಿತ್ರ. ಹಿಮಕುಸಿತಕ್ಕೂ ಅದೇ ಕೆಟ್ಟ ದಿನ, ಹೊಸ ಭಾರ ಬಿದ್ದ ಮೊದಲ ಒಂದೆರಡು ದಿನ. 2010ರ ಫೆಬ್ರುವರಿ 8ರಂದು ಗುಲ್ಮಾರ್ಗ್‌ನ ಮೇಲಿನ ಖಿಲನ್‌ಮಾರ್ಗ್‌ನಲ್ಲಿ ಕುಸಿತಕ್ಕೆ ಸಿಕ್ಕಿ ಸೇನೆಯ ಪರ್ವತ ಯುದ್ಧ ಶಾಲೆಯ 17 ಯೋಧರು ಸತ್ತರು. ಹಿಮದಲ್ಲಿ ತರಬೇತಿ ಪಡೆದವರು ಅವರು. 2023ರ ಫೆಬ್ರುವರಿ 1ರಂದು ಅಫರ್ವಾಟ್‌ನ ಹಾಪತ್‌ಖುದ್‌ನಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು, 2024ರ ಫೆಬ್ರುವರಿ 22ರಂದು ರಷ್ಯಾದ ಒಬ್ಬರು ಕುಸಿತಕ್ಕೆ ಸಿಕ್ಕಿ ಸತ್ತರು. ಗೊಂಡೊಲಾ ಮೇಲೆ ಬಿಟ್ಟಿತು ಎಂದ ಮಾತ್ರಕ್ಕೆ ಅಲ್ಲಿನ ಎಲ್ಲ ಇಳಿಜಾರೂ ರೆಸಾರ್ಟ್‌ನ ಕಾವಲಿನಲ್ಲಿದೆ ಎಂದಲ್ಲ. ಸ್ಕೀ ಪ್ಯಾಟ್ರೋಲ್‌ನವರು, ಅಂದರೆ ಇಳಿಜಾರಿನ ಕಾವಲಿನವರು, ನೋಡಿಕೊಳ್ಳುವುದು ಗೊಂಡೊಲಾದ ಸುತ್ತಲಿನ ಒಂದು ಭಾಗವನ್ನು ಮಾತ್ರ. ಅದರಾಚೆ ಕಾಡು ಬೆಟ್ಟ, ಹೋದವರದೇ ಜವಾಬ್ದಾರಿ.

ಎಚ್ಚರಿಕೆ ಇಲ್ಲವೇ ಎಂದರೆ, ಇದೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಹಿಮ ಅಧ್ಯಯನ ವಿಭಾಗ ಚಳಿಗಾಲದಲ್ಲಿ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಮೊದಲು ಅದರ ಹೆಸರು ಸಾಸೆ, ಈಗ ಡಿಜಿಆರ್‌ಇ. ಜಮ್ಮು ಕಾಶ್ಮೀರದ ವಿಪತ್ತು ನಿರ್ವಹಣಾ ಪ್ರಾಧಿಕಾರ ಅದನ್ನು ಜನರಿಗೆ ತಲುಪಿಸುತ್ತದೆ. ನಿಮ್ಮ ಪತ್ರಿಕೆಯಲ್ಲೂ ಒಳಪುಟದಲ್ಲಿ ಇಂಥ ಸಾಲು ನೋಡಿದ್ದೇನೆ: ಬಾರಾಮುಲ್ಲಾ, ಕುಪ್ವಾರಾ ಜಿಲ್ಲೆಗಳಲ್ಲಿ 2,400 ಮೀಟರ್‌ಗಿಂತ ಮೇಲೆ ಮಧ್ಯಮ ಮಟ್ಟದ ಹಿಮಕುಸಿತದ ಅಪಾಯ. ಗುಲ್ಮಾರ್ಗ್‌ಗೆ ಟಿಕೆಟ್ ತೆಗೆದವರು ಇದನ್ನು ಓದಿ ಪುಟ ತಿರುಗಿಸುತ್ತಾರೆ. ಗುಲ್ಮಾರ್ಗ್ ಇರುವುದೇ ಬಾರಾಮುಲ್ಲಾ ಜಿಲ್ಲೆಯಲ್ಲಿ, ಬಯಲಿನ ಎತ್ತರವೇ 2,650 ಮೀಟರ್ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? 'ಈ ಪ್ರದೇಶದಲ್ಲಿ ಗುಲ್ಮಾರ್ಗ್ ಕೂಡ ಸೇರಿದೆ' ಎಂದು ಐದು ಪದ ಸೇರಿಸಿದ್ದರೆ ಸಾಕಿತ್ತು. ಮೊದಲ ಪುಟದಲ್ಲಿ ಸಂಭ್ರಮ, ಒಳಪುಟದಲ್ಲಿ ಯಾರಿಗೂ ಅರ್ಥವಾಗದ ಎಚ್ಚರಿಕೆ, ಇದು ನನಗೆ ತುಂಬ ಬೇಸರ ತರುತ್ತದೆ.

'ಮಧ್ಯಮ' ಎಂಬುದನ್ನೂ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಯುರೋಪಿನಲ್ಲಿ ಅಪಾಯಕ್ಕೆ 1ರಿಂದ 5ರವರೆಗೆ ಅಂಕಿ ಇದೆ, ಅಲ್ಲಿ ಜಾಸ್ತಿ ಜನ ಸಾಯುವುದು 5ರ ದಿನ ಅಲ್ಲ, 3ರ ದಿನ. 5 ಎಂದರೆ ಯಾರೂ ಹೊರಗೆ ಹೋಗುವುದಿಲ್ಲ. ನಡುವಿನ ಅಂಕಿ ಕಂಡಾಗ ನಡೆಯುತ್ತೆ ಬಿಡಿ ಎಂದು ಹೊರಡುತ್ತಾರೆ. ಮನುಷ್ಯರ ಲೆಕ್ಕಾಚಾರ ಎಲ್ಲ ಕಡೆ ಒಂದೇ. ಆದ್ದರಿಂದ ಮಟ್ಟದ ಹೆಸರಿನ ಜೊತೆಗೆ ಏನು ಮಾಡಬಾರದು ಎಂಬ ಒಂದು ಸಾಲೂ ಇರಲಿ: ಗುರುತು ಹಾಕಿದ ಹಾದಿ ಬಿಟ್ಟು ಹೋಗಬೇಡಿ, ಕಡಿದಾದ ಇಳಿಜಾರಿನ ಬುಡದಲ್ಲಿ ನಿಂತು ಫೋಟೊ ತೆಗೆಯಬೇಡಿ. ಸ್ಕೀ ಮಾಡದೆ ಸುಮ್ನೆ ಹಿಮ ನೋಡಲು ಹೋದವರಿಗೂ ಎರಡನೆಯದು ಅನ್ವಯಿಸುತ್ತದೆ.

ನಾನು ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಮಳೆಗಾಲದಲ್ಲಿ ನೀವು ಜಲಾಶಯಗಳ ನೀರಿನ ಮಟ್ಟ, ಒಳಹರಿವು, ಹೊರಹರಿವು ಎಲ್ಲವನ್ನೂ ದಿನವೂ ಒಂದು ಸಣ್ಣ ಚೌಕದಲ್ಲಿ ಕೊಡುತ್ತೀರಿ, ಅದನ್ನು ಓದಲು ಎಲ್ಲರಿಗೂ ಬರುತ್ತದೆ. ಹಾಗೆಯೇ ಡಿಸೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ವಾರಕ್ಕೊಮ್ಮೆ, ಗುರುವಾರವೋ ಶುಕ್ರವಾರವೋ, ಗುಲ್ಮಾರ್ಗ್‌ಗೂ ಸಾಧ್ಯವಾದರೆ ಉತ್ತರಾಖಂಡದ ಸ್ಕೀಯಿಂಗ್ ತಾಣ ಔಲಿಗೂ ಒಂದು ಚೌಕ ಕೊಡಿ. ಕೆಳಗೆ ಎಷ್ಟು ಹಿಮ, ಮೇಲೆ ಎಷ್ಟು, ಕಳೆದ 24 ಗಂಟೆಯಲ್ಲಿ ಬಿದ್ದದ್ದು, ಅಳೆದ ಹೊತ್ತು, ಮುಂದಿನ ಮೂರು ದಿನದ ಮುನ್ಸೂಚನೆ, ಸೊನ್ನೆ ಡಿಗ್ರಿಯ ಎತ್ತರ, ಮೇಲಿನ ಗಾಳಿ, ಹಿಮಕುಸಿತದ ಎಚ್ಚರಿಕೆ ಇದೆಯೇ ಇಲ್ಲವೇ. ಯಾವುದಾದರೂ ಅಂಕಿ ಸಿಗದಿದ್ದರೆ 'ಮಾಹಿತಿ ಇಲ್ಲ' ಎಂದೇ ಬರೆಯಿರಿ, ಊಹೆ ಬೇಡ. ಶ್ರೀನಗರದ ಹವಾಮಾನ ಕೇಂದ್ರದ ಪ್ರಕಟಣೆ ದಿನವೂ ಬರುತ್ತದೆ, ಹಿಮಕುಸಿತದ ಎಚ್ಚರಿಕೆಯೂ ಬಹಿರಂಗವಾಗಿಯೇ ಬರುತ್ತದೆ, ಅದಕ್ಕಾಗಿ ಯಾರನ್ನೂ ಕಾಡಿಬೇಡಬೇಕಿಲ್ಲ. ಡೆಸ್ಕಿನಲ್ಲಿ ಒಬ್ಬರಿಗೆ ಅರ್ಧ ಗಂಟೆಯ ಕೆಲಸ. ಚಿಲ್ಲಾಯಿ ಕಲಾನ್ ಶುರುವಾಗುವ ಡಿಸೆಂಬರ್ 21ರೊಳಗೆ ಮೊದಲ ಚೌಕ ಬಂದರೆ, ಕ್ರಿಸ್‌ಮಸ್ ರಜೆಗೆ ಹೊರಡುವವರ ಕೈಗೆ ಅದು ಸಿಗುತ್ತದೆ.

ಇಂತಿ,
ಪ್ರತಿ ಚಳಿಗಾಲ ಸ್ಕೀಯಿಂಗ್‌ಗೆ ಹೋಗುವ ನಿಮ್ಮ ಓದುಗಿ